ತಡೆಯುವ ಕಾಂತ, ಹರಿಯುವ ಲೋಹ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನ ಗುಮಾಸ್ತರು, ವಾಣಿಜ್ಯ ಓದಿದವರು. ವಿಜ್ಞಾನದ ಮಾತಿಗೆ ನಿಂತುದಕ್ಕೆ ಕಾರಣವುಂಟು. ಶಾಲೆಯಿಂದ ಬಂದ ನಮ್ಮ ಮಗಳು ತಾಮ್ರದ ಕೊಳವೆಯೊಳಗೆ ಅಯಸ್ಕಾಂತದ ತುಂಡೊಂದನ್ನು ಬಿಟ್ಟಳು. ತಾಮ್ರಕ್ಕೆ ಅಂಟದ ಆ ತುಂಡು, ಯಾರೋ ಕೈಹಿಡಿದು ಇಳಿಸಿದಂತೆ ಮೆಲ್ಲಮೆಲ್ಲನೆ ಇಳಿಯಿತು. “ಅಪ್ಪಾ, ಇದನ್ನು ತಡೆದವರು ಯಾರು?” ಎಂದಳು. ಕನ್ನಡದಲ್ಲಿ ಉತ್ತರ ಹೇಳಲಾರದೆ ನಾವು ತಲೆತಗ್ಗಿಸಿದೆವು.

ಉತ್ತರವಿದು: ಅಯಸ್ಕಾಂತ ಚಲಿಸಿದರೆ ಲೋಹದಲ್ಲಿ ವಿದ್ಯುತ್ತು ಹುಟ್ಟುವುದು, ಹುಟ್ಟಿದ ವಿದ್ಯುತ್ತು ಆ ಚಲನೆಯನ್ನೇ ತಡೆಯುವುದು. ಅಯಸ್ಕಾಂತ ನಿಂತು ಲೋಹ ಹರಿದರೂ ಇದೇ ನ್ಯಾಯ. ಡೆನ್ಮಾರ್ಕಿನ ಹಾರ್ಟ್‌ಮನ್ನರು ಪಾದರಸವನ್ನು ಕಾಂತಕ್ಷೇತ್ರದಲ್ಲಿ ಹರಿಸಿ ನೋಡಿ, 1937ರಲ್ಲಿ ಇದನ್ನು ಪ್ರಕಟಿಸಿದರು.

ಸೂರ್ಯನ ಬೆಂಕಿಯನ್ನು ಭೂಮಿಗೆ ತರಹೊರಟವರಿಗೆ ಇದೇ ತೊಡಕು. ಭಾರತವೂ ಪಾಲುಗೊಂಡು ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಸ್ಥಾವರದಲ್ಲಿ ಡ್ಯೂಟೀರಿಯಂ, ಟ್ರಿಟಿಯಂ ಎಂಬ ಎರಡು ಬಗೆಯ ಜಲಜನಕಗಳನ್ನು ಬೆಸೆಯಬೇಕಾಗಿದೆ. ಟ್ರಿಟಿಯಂ ಸುಮಾರು 12 ವರ್ಷಗಳಲ್ಲಿ ಅರ್ಧಕ್ಕಿಳಿಯುವ ವಸ್ತು. ಪ್ರಕೃತಿಯಲ್ಲಿ ಬಲು ವಿರಳ. ಆದುದರಿಂದ ಮುಂದಿನ ಸ್ಥಾವರಗಳು ಅದನ್ನು ತಮ್ಮಲ್ಲೇ ಹುಟ್ಟಿಸಿಕೊಳ್ಳಬೇಕು. ನ್ಯೂಟ್ರಾನು ತಗಲಿದ ಲಿಥಿಯಂ ಟ್ರಿಟಿಯಂ ಕೊಡುತ್ತದೆ. ಸುಮಾರು 235 ಡಿಗ್ರಿಯಲ್ಲಿ ಕರಗುವ ಸೀಸ-ಲಿಥಿಯಂ ಮಿಶ್ರಣವನ್ನು ಬೆಂಕಿಯ ಸುತ್ತ ಹರಿಸುವುದು ಇದಕ್ಕೊಂದು ಉಪಾಯ. ಆದರೆ ಬೆಂಕಿಯನ್ನು ಹಿಡಿದಿಡುವ 5 ಟೆಸ್ಲಾ ಮಟ್ಟದ ಕಾಂತಕ್ಷೇತ್ರವೇ ಈ ಲೋಹದ ಕಾಲನ್ನೂ ಕಟ್ಟುತ್ತದೆ! ಪಂಪಿನ ಒತ್ತಡ ಹೆಚ್ಚಿಸುತ್ತಾ ಹೋದರೆ ಕೊಳವೆ ತಾಳಬೇಕಲ್ಲ?

ಪರಿಹಾರವನ್ನು ನಮ್ಮ ಜಮಾ-ಖರ್ಚಿನ ಭಾಷೆಯಲ್ಲಿ ಹೇಳುತ್ತೇವೆ. ಹರಿವಿನ ನಡುವೆ ಹುಟ್ಟಿದ ವಿದ್ಯುತ್ತು ಲೋಹವನ್ನು ಹಿಂದಕ್ಕೆ ನೂಕುವುದು, ಇದು ಖರ್ಚು. ಆ ವಿದ್ಯುತ್ತು ಸುತ್ತಿ ಮರಳಬೇಕಷ್ಟೆ. ಉಕ್ಕಿನ ಗೋಡೆಯ ಮೂಲಕ ಮರಳಿದರೆ, ಮರಳುವಾಗಿನ ನೂಕು ಗೋಡೆಯ ಮೇಲೆ ಬೀಳುವುದು. ಲೋಹದ ಖಾತೆಗೆ ಜಮಾ ಆಗದು. ಗೋಡೆಗೆ ವಿದ್ಯುತ್ತು ಹರಿಯದ ಲೇಪ ಕೊಟ್ಟರೆ, ಅದು ಅಂಚಿನ ತೆಳು ಲೋಹಪದರದಲ್ಲೇ ಮರಳಿ, ಅಲ್ಲಿ ಹರಿವನ್ನು ಮುಂದಕ್ಕೆ ನೂಕುವುದು. ಖರ್ಚೂ ಜಮಾವೂ ಒಂದೇ ಖಾತೆಯಲ್ಲಿ ಸರಿದೂಗಿ, ಅಂಚಿನ ಉಜ್ಜಾಟದ ಹೊರೆ ಮಾತ್ರ ಉಳಿಯುವುದು. ಅಲ್ಯುಮಿನಾ ಲೇಪ, ಸಿಲಿಕಾನ್ ಕಾರ್ಬೈಡಿನ ಒಳಗೊಳವೆ ಇದಕ್ಕೆಂದೇ. ಲೇಪ ಬಿರುಕುಬಿಟ್ಟರೆ ಮತ್ತೆ ಸೋರಿಕೆ. ಸಾಲದೆಂಬಂತೆ, ಕಾಂತವು ಹರಿವಿನ ಸುಳಿಗಳನ್ನು ಅಡಗಿಸುವುದರಿಂದ ಶಾಖವೂ ಚೆನ್ನಾಗಿ ಬೆರೆಯದು. ಕೆಲಸ ಇನ್ನೂ ಮುಗಿದಿಲ್ಲ.

ನಮ್ಮ ದೇಶದಲ್ಲೂ, ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ, ಸೀಸ-ಲಿಥಿಯಂ ಹರಿವಿನ ಅಧ್ಯಯನಗಳು ನಡೆದಿವೆ. ನಾಳೆ ಅಂತಹ ಕಡೆ ನಮ್ಮ ಮಕ್ಕಳೂ ದುಡಿಯಬಹುದು. ಇಷ್ಟನ್ನು ಓದಿ ತಿಳಿದುಕೊಂಡು ಮಗಳಿಗೆ ಹೇಳಲು ನಮಗೆ ಒಂದು ತಿಂಗಳು ಹಿಡಿಯಿತು. ಹೇಳಿ ಮುಗಿಸುವಷ್ಟರಲ್ಲಿ ಅವಳು ಮತ್ತೊಂದು ಪ್ರಶ್ನೆ ಹಾಕಿದಳು, ಅದೂ ಕನ್ನಡದಲ್ಲೇ. ಪರಸ್ಥಳದಲ್ಲಿ ಕನ್ನಡ ಹಬ್ಬದ ದಿನಕ್ಕಷ್ಟೇ ಮೀಸಲಾಗದಿರಲಿ. ಮಕ್ಕಳ ಪ್ರಶ್ನೆಗೂ ಒದಗಲಿ ಎಂಬುದೇ ನಮ್ಮ ಬಿನ್ನಹ.