ಸಿಬ್ಬಂದಿ ಕಮ್ಮಿ ಇರುವ ರಾತ್ರಿ

ಇವತ್ತು ನರ್ಸಿಂಗ್ ಪದವಿ ಪಡೆದಿರುವ ಮಕ್ಕಳೇ,

ನಿಮ್ಮನ್ನು ಹೊಗಳುವ ಕೆಲಸವನ್ನು ಸಂಜೆ ಮನೆಯವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ನನಗೆ ಕೊಟ್ಟಿರುವ ಸಮಯದಲ್ಲಿ ನೇರವಾಗಿ ವಾರ್ಡಿಗೆ ಬರುತ್ತೇನೆ.

ನನ್ನ ಸೇವೆಯ ಬಹುಪಾಲು ಕಳೆದದ್ದು ಮಾನಸಿಕ ರೋಗಿಗಳ ನಡುವೆ. ನೀವು ದೀಪ ಹಿಡಿದು ಪ್ರತಿಜ್ಞೆ ಮಾಡಿದ್ದೀರಿ. ಅದನ್ನು ಹೇಳುವಾಗ ಒಬ್ಬರೂ ಸುಳ್ಳು ಹೇಳಿಲ್ಲವೆಂದು ನಾನು ನಂಬುತ್ತೇನೆ. ನನ್ನ ಚಿಂತೆ ರಾತ್ರಿ ಎರಡೂವರೆ ಗಂಟೆಯದು. ಆಗ ವಾರ್ಡಿನಲ್ಲಿ ನೀವೊಬ್ಬರೇ ಇರುತ್ತೀರಿ. ಒಂದು ಹಾಸಿಗೆಯಲ್ಲಿ ಡ್ರಿಪ್ ಕಿತ್ತು ಬಂದಿರುತ್ತದೆ, ಕ್ಯಾಶುಯಲ್ಟಿಯಿಂದ ಹೊಸ ಅಡ್ಮಿಷನ್ ಬಂದು ಸ್ಟ್ರೆಚರ್ ಬಾಗಿಲಲ್ಲೇ ನಿಂತಿರುತ್ತದೆ, ಒಬ್ಬ ರೋಗಿ ಕಿಟಕಿಯ ಸರಳು ಹಿಡಿದು ಕೂಗುತ್ತಿರುತ್ತಾನೆ. ರೋಗಿಯನ್ನು ಕಟ್ಟುವ ಬಟ್ಟೆ ಡ್ರಾಯರಿನಲ್ಲೇ ಇದೆ. ಪ್ರತಿಜ್ಞೆ ಮಾಡಿದವಳೇ ಆಗಲೂ ಅಲ್ಲಿರುತ್ತಾಳೆ, ಆದರೆ ಅವಳ ಸುತ್ತಲಿನದೆಲ್ಲ ಬದಲಾಗಿರುತ್ತದೆ.

ಒಳ್ಳೆಯವರು ಒಳ್ಳೆಯದು ಮಾಡುತ್ತಾರೆ, ಕೆಟ್ಟವರು ಕೆಟ್ಟದ್ದು ಮಾಡುತ್ತಾರೆ ಎಂದು ನಮ್ಮನ್ನು ಬೆಳೆಸಿದ್ದಾರೆ. ಆದರೆ 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅದರಲ್ಲಿದ್ದವರು ಪ್ರಿನ್ಸ್‌ಟನ್ನಿನ ಧರ್ಮಶಾಸ್ತ್ರದ ವಿದ್ಯಾರ್ಥಿಗಳು, ಮುಂದೆ ಪಾದ್ರಿಗಳಾಗಬೇಕಾದವರು. ಪಕ್ಕದ ಕಟ್ಟಡಕ್ಕೆ ಹೋಗಿ ಪುಟ್ಟ ಭಾಷಣ ಮಾಡಿ ಎಂದು ಅವರನ್ನು ಕಳಿಸಿದರು. ಕೆಲವರ ಭಾಷಣದ ವಿಷಯ ಬೈಬಲ್ಲಿನ ದಯಾವಂತ ಸಮಾರ್ಯದವನ ಕಥೆ, ಅಂದರೆ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಕಥೆ. ಹೋಗುವ ದಾರಿಯಲ್ಲಿ ಬಾಗಿಲ ಬಳಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತ ನರಳುವಂತೆ ವ್ಯವಸ್ಥೆ ಮಾಡಿದ್ದರು. ಸಾಕಷ್ಟು ಹೊತ್ತಿದೆ ಎಂದು ಕೇಳಿಸಿಕೊಂಡವರಲ್ಲಿ ನೂರಕ್ಕೆ 63 ಮಂದಿ ಏನಾದರೂ ಸಹಾಯ ಮಾಡಿದರು. ಆಗಲೇ ತಡವಾಗಿದೆ, ಓಡಿ ಎಂದು ಕೇಳಿಸಿಕೊಂಡವರಲ್ಲಿ ಮಾಡಿದವರು ನೂರಕ್ಕೆ 10. ಮಾತಾಡಬೇಕಿದ್ದದ್ದು ಕರುಣೆಯ ಕಥೆಯ ಬಗ್ಗೆಯೇ ಆಗಿದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಕೆಲವು ನಿಮಿಷಗಳ ಗಡಿಬಿಡಿ ಅಷ್ಟು ಕೆಲಸ ಮಾಡಿತ್ತು.

ಗಡಿಬಿಡಿ ಒಳ್ಳೆಯವರನ್ನೂ ಬದಲಿಸುತ್ತದೆ ಎಂಬ ಮಾತನ್ನು ನಮ್ಮ ಕಾನೂನು ಬರೆದವರು ಅರ್ಥ ಮಾಡಿಕೊಂಡಿದ್ದರು ಎಂದು ನನಗನ್ನಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ನನ್ನು ಪರೀಕ್ಷೆಗೆಂದು ಓದಿ ಮರೆತಿದ್ದರೆ ಇವತ್ತು ಊಟವಾದ ಮೇಲೆ ಮತ್ತೆ ತೆಗೆದು ಓದಿ. ರೋಗಿಯನ್ನು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿಯಿಂದ. ಅಗತ್ಯಕ್ಕಿಂತ ಒಂದು ನಿಮಿಷ ಹೆಚ್ಚು ಕಟ್ಟುವಂತಿಲ್ಲ. ಹೇಗೆ, ಯಾಕೆ, ಎಷ್ಟು ಹೊತ್ತು ಎಂಬುದನ್ನು ಕೂಡಲೇ ಬರೆಯಬೇಕು. 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆಯಾಗಿ ಕಟ್ಟಕೂಡದು. ಇಷ್ಟನ್ನು ಯಾರಾದರೂ ಊಹಿಸಬಹುದು. ಅದರ ಜೊತೆಗೇ ಇನ್ನೊಂದು ಮಾತಿದೆ: ಸಿಬ್ಬಂದಿ ಕೊರತೆಯಿದೆ ಎಂಬ ಕಾರಣಕ್ಕೆ ಮಾತ್ರ ಯಾರನ್ನೂ ಕಟ್ಟುವಂತಿಲ್ಲ. ಆ ಸಾಲನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂತು. ದೆಹಲಿಯಲ್ಲಿ ಕೂತು ಬರೆದವರಿಗೆ ನಮ್ಮ ರಾತ್ರಿ ಪಾಳಿ ಗೊತ್ತಿತ್ತು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಒಂದು ಆಶ್ರಯ ಮನೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಅಲ್ಲಿಂದ ಈ ಸಾಲಿನ ತನಕ ಬರಲು ನಮ್ಮ ದೇಶಕ್ಕೆ ಹದಿನಾರು ವರ್ಷ ಬೇಕಾಯಿತು.

ಈ ಸೆಕ್ಷನ್ ಬರುವುದಕ್ಕೆ ಬಹಳ ವರ್ಷ ಮೊದಲೇ ಅದರಂತೆ ನಡೆದ ಒಬ್ಬರ ಕೈಕೆಳಗೆ ನಾನು ಕೆಲಸ ಕಲಿತೆ. ನಾವೆಲ್ಲ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ಮಾತು ಕಮ್ಮಿ, ಕೋಪ ಜಾಸ್ತಿ. ಒಂದು ರಾತ್ರಿ ಲಾರಿ ಓಡಿಸುತ್ತಿದ್ದ ರೋಗಿಯೊಬ್ಬ ಹಾಸಿಗೆ ಬಿಟ್ಟೆದ್ದು ಅಡ್ಡಾಡಲು ಶುರು ಮಾಡಿದ. ಬಾಯಿ ತೆರೆದರೆ ಬೈಗುಳ. ಹತ್ತಿರ ಹೋದವರನ್ನು ತಳ್ಳುತ್ತಿದ್ದ. ಇಬ್ಬರು ಅಟೆಂಡರ್‌ಗಳು ಹಿಡಿದುಕೊಂಡಾಗಿತ್ತು, ಇನ್ನೊಬ್ಬ ಬಟ್ಟೆ ತರಲು ಹೊರಟಿದ್ದ. ದೊಡ್ಡ ಸಿಸ್ಟರ್ ಬಂದವರೇ ಅವನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. ಅಂಗಿ ಎತ್ತಿ ಹೊಕ್ಕುಳ ಕೆಳಗೆ ಅಂಗೈ ಇಟ್ಟರು. ಕಲ್ಲಿನ ಹಾಗೆ ಬಿಗಿದಿತ್ತು. "ಕೊನೆ ಸಲ ಮೂತ್ರ ಯಾವಾಗ ಹೋಗಿದ್ದು, ಯಾರು ಬರೆದಿದ್ದೀರಿ?" ಎಂದರು. ಯಾರೂ ಬರೆದಿರಲಿಲ್ಲ. ಕೈನಡುಕ ತಡೆಯಲೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಕೆಲವರಲ್ಲಿ ಮೂತ್ರ ಕಟ್ಟಿಸುತ್ತದೆ. ಅವನಿಗೆ ಎರಡು ದಿನದ ಹಿಂದಷ್ಟೇ ಅದರ ಡೋಸ್ ಹೆಚ್ಚಿಸಿದ್ದರು. ಡ್ಯೂಟಿ ಡಾಕ್ಟರ್ ಬಂದು ಕ್ಯಾತಿಟರ್ ಹಾಕಿದರು, ಚೀಲ ತುಂಬಿತು, ಮನುಷ್ಯ ಅರ್ಧ ಗಂಟೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನು ಬೈಗುಳದಲ್ಲಿ ಹೇಳುತ್ತಿದ್ದದ್ದು ತನ್ನ ನೋವನ್ನೇ.

ಮರುದಿನ ಅವರು ಯಾರಿಗೂ ಉಪದೇಶ ಮಾಡಲಿಲ್ಲ. ಕಟ್ಟುವ ಬಟ್ಟೆಗಳನ್ನೆಲ್ಲ ಡ್ರಾಯರಿನಿಂದ ತೆಗೆದು ವಾರ್ಡಿನ ಇನ್ನೊಂದು ತುದಿಯ ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೀಲಿ ನರ್ಸಿಂಗ್ ಟೇಬಲ್ಲಿನ ಮೊಳೆಯಲ್ಲೇ ತೂಗುತ್ತಿತ್ತು. ಖಾಲಿಯಾದ ಡ್ರಾಯರಿನಲ್ಲಿ ಲೋಟ, ಗ್ಲೂಕೋಸ್ ಬಿಸ್ಕತ್ತು, ಟಾರ್ಚು ಇಟ್ಟರು, ಕೆಳಗೆ ಯೂರಿನಲ್. ತುರ್ತಿನಲ್ಲಿ ಬಟ್ಟೆ ದೂರವಿದ್ದರೆ ಅಪಾಯವಲ್ಲವೇ ಎಂದು ಒಬ್ಬ ಡಾಕ್ಟರ್ ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪವೇ. ನಡೆದು ಹೋಗುವಷ್ಟರಲ್ಲಿ ನಿಮಗೊಂದು ಫೋನ್ ಮಾಡಬಹುದಲ್ಲ ಸಾರ್ ಎಂದರು ದೊಡ್ಡ ಸಿಸ್ಟರ್. ಆ ವಾರ್ಡಿನಲ್ಲಿ ಕಟ್ಟುವುದು ಕಡಿಮೆಯಾಯಿತು. ಸಿಬ್ಬಂದಿಯ ಸ್ವಭಾವವೇನೂ ಬದಲಾಗಿರಲಿಲ್ಲ. ಯಾವುದು ಕೈಗೆ ಬೇಗ ಸಿಗುತ್ತದೆ ಎಂಬುದು ಬದಲಾಗಿತ್ತು. ನಿಮ್ಮ ಕೈಯಲ್ಲಿರುವ ಬಹಳಷ್ಟು ನೀತಿ ಇಂಥದ್ದೇ. ದಣಿದಾಗ ನಾನು ಏನು ಮಾಡಿಬಿಡಬಹುದು ಎಂಬುದನ್ನು ದಣಿಯುವ ಮೊದಲೇ ಯೋಚಿಸಿ, ಟೇಬಲ್ಲು, ಡ್ರಾಯರು, ಪಾಳಿಯ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಜೋಡಿಸಿಕೊಳ್ಳಿ.

ಇನ್ನು ರೋಗಿಯ ಕಡೆಯಿಂದ ನೋಡಿ. ನಿಮ್ಮನ್ನು ಕೆಡಿಸುವ ಅದೇ ಒತ್ತಡ ಅವರ ಕಾಯಿಲೆಯನ್ನೂ ಕೆದಕುತ್ತದೆ. 1950ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಅವರ ಸಂಗಡಿಗರು ಲಂಡನ್ನಿನಲ್ಲಿ ಮಾನಸಿಕ ಆಸ್ಪತ್ರೆಯಿಂದ ಮನೆಗೆ ಹೋದವರ ಬೆನ್ನು ಹತ್ತಿ ನೋಡಿದಾಗ ಎಲ್ಲರಿಗೂ ಆಶ್ಚರ್ಯ ಕಾದಿತ್ತು. ಹೆಂಡತಿಯ ಜೊತೆಗೋ ತಂದೆ ತಾಯಿಯ ಜೊತೆಗೋ ಇರಲು ಹೋದವರಿಗಿಂತ ಅಣ್ಣ ತಮ್ಮಂದಿರ ಮನೆಗೆ, ಬಾಡಿಗೆ ಕೋಣೆಗೆ ಹೋದವರು ಚೆನ್ನಾಗಿದ್ದರು. ದಿನವಿಡೀ ಎದುರಿಗೆ ಕೂತು ತಪ್ಪು ಹುಡುಕುವ, ಅತಿಯಾಗಿ ಅಳುವ, ಅತಿಯಾಗಿ ಕಾಯುವ ಮನೆಯಲ್ಲಿ ಸ್ಕಿಜೋಫ್ರೇನಿಯಾ ಬೇಗ ಮರುಕಳಿಸುತ್ತದೆ ಎಂದು ಮುಂದಿನ ಅಧ್ಯಯನಗಳೂ ಹೇಳಿದವು. ಮನೋವೈದ್ಯ ಎನ್. ಎನ್. ವಿಗ್ ಮೊದಲಾದವರು ಚಂಡೀಗಢದಲ್ಲಿ ಇದನ್ನೇ ಅಳೆದಾಗ ನಮ್ಮ ಕುಟುಂಬಗಳಲ್ಲಿ ಈ ಬಗೆಯ ಚುಚ್ಚುಮಾತು ಲಂಡನ್ನಿಗಿಂತ ಕಡಿಮೆ ಕಂಡಿತು. ಅದನ್ನು ಓದಿ ಹೆಮ್ಮೆಪಟ್ಟು ಸುಮ್ಮನಾಗಬೇಡಿ. ಆ ಮನೆಗಳು ಈಗ ಚಿಕ್ಕವಾಗಿವೆ, ಸಾಲ ಹೆಚ್ಚಿದೆ, ನೋಡಿಕೊಳ್ಳಲು ಒಬ್ಬಳೇ ಅತ್ತೆಯೋ ಒಬ್ಬಳೇ ಮಗಳೋ ಉಳಿದಿದ್ದಾಳೆ.

ಮದುವೆ ಸೀಸನ್ ಮುಗಿದ ಮೇಲಿನ ವಾರಗಳನ್ನು ನೀವು ವಾರ್ಡಿನಲ್ಲಿ ನೋಡುತ್ತೀರಿ. ಬೈಪೋಲಾರ್ ಕಾಯಿಲೆಯಲ್ಲಿ ನಿದ್ದೆ ಕೆಟ್ಟರೆ ಉನ್ಮಾದ ಮರಳಬಹುದು. ಮನೆಯಲ್ಲಿ ಮದುವೆ, ರಾತ್ರಿಯೆಲ್ಲ ಚಪ್ಪರ, ಅಡುಗೆ, ನೆಂಟರು. ಮಾತ್ರೆಯ ಡಬ್ಬಿ ಬೀಗರ ಕಣ್ಣಿಗೆ ಬೀಳಬಾರದೆಂದು ಅಟ್ಟ ಸೇರಿರುತ್ತದೆ. ಕಾಯಿಲೆಯಿರುವ ಹೆಣ್ಣುಮಗಳನ್ನು ಐದನೇ ದಿನ ಕರೆತಂದಾಗ ಕೇಸ್ ಶೀಟಿನಲ್ಲಿ ನಾವು ಬರೆಯುವುದು ಒಂದೇ ಸಾಲು: ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ. ಈ ಸಾಲಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಅದು ಅರ್ಧ ಸತ್ಯ. ಯಾಕೆ ತೆಗೆದುಕೊಂಡಿಲ್ಲ, ಡಬ್ಬಿ ಎಲ್ಲಿತ್ತು, ಎಷ್ಟು ರಾತ್ರಿ ಮಲಗಿಲ್ಲ, ನೆನಪಿಸುವವರು ಯಾರಿದ್ದರು, ಇವನ್ನು ಬರೆಯದಿದ್ದರೆ ಮುಂದಿನ ಮದುವೆಗೂ ಅವಳು ಬರುತ್ತಾಳೆ. ಬಿಡುಗಡೆ ಮಾಡುವಾಗ ಅಮ್ಮನನ್ನು ಕೂರಿಸಿಕೊಂಡು ಕೇಳಿ: ಮನೆಯಲ್ಲಿ ಮುಂದಿನ ಕಾರ್ಯ ಯಾವುದಮ್ಮ, ಆಗ ಇವಳಿಗೆ ಮಲಗಲು ಪಕ್ಕದ ಮನೆಯಲ್ಲಿ ಒಂದು ಕೋಣೆ ಸಿಗುತ್ತದಾ? ನಾನು ಕಂಡ ಹಾಗೆ ಈ ಪ್ರಶ್ನೆಗೆ ಹಳ್ಳಿಯ ತಾಯಂದಿರು ನಮಗಿಂತ ಚೆನ್ನಾಗಿ ಉತ್ತರ ಹುಡುಕುತ್ತಾರೆ.

ನಿಮ್ಮ ಪೀಳಿಗೆಯ ಒಂದು ಅಭ್ಯಾಸ ನನಗೆ ಸಹಿಸಲಾಗುವುದಿಲ್ಲ, ಹೇಳಿಯೇಬಿಡುತ್ತೇನೆ. ವಾರ್ಡಿನಲ್ಲಿ ರೀಲ್ಸ್. ಹಿಂದೆ ಹಾಸಿಗೆ ಕಾಣುತ್ತದೆ, ಹಾಸಿಗೆಯಲ್ಲಿ ಮನುಷ್ಯ ಕಾಣುತ್ತಾನೆ. ಅವನ ಊರಿನವರು ಅದನ್ನು ನೋಡಿದರೆ ಅವನ ಕೆಲಸ ಹೋಗುತ್ತದೆ, ತಂಗಿಯ ಸಂಬಂಧ ಮುರಿಯುತ್ತದೆ. ಫೋನು ಲಾಕರಿನಲ್ಲಿರಲಿ. ಡ್ಯೂಟಿ ಬದಲಾಗುವಾಗ ರೋಗಿಯ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ, ಹಾಸಿಗೆಯ ಬಳಿ ನಿಂತು ಬಾಯಲ್ಲಿ ಹೇಳಿ, ರೋಗಿಗೂ ಕೇಳುವಂತೆ ಹೇಳಿ.

ಇನ್ನು ನಿಮ್ಮದೇ ಮನಸ್ಸಿನ ಮಾತು. ಸರಿ ಯಾವುದೆಂದು ಗೊತ್ತಿದ್ದೂ ಸಂಸ್ಥೆಯ ಅಡ್ಡಿಗಳಿಂದ ಅದನ್ನು ಮಾಡಲಾಗದ ಸಂಕಟವನ್ನು ಆ್ಯಂಡ್ರೂ ಜೇಮ್ಟನ್ ಎಂಬ ತತ್ವಶಾಸ್ತ್ರಜ್ಞರು 1984ರಲ್ಲಿ ನರ್ಸುಗಳ ಬಗ್ಗೆ ಬರೆದ ಪುಸ್ತಕದಲ್ಲಿ ನೈತಿಕ ಸಂಕಟ ಎಂದೇ ಕರೆದರು. ಅದು ನಿಮಗೂ ಬರುತ್ತದೆ. ಬಂದಾಗ ಹಾಸ್ಟೆಲ್ ಕೋಣೆಯಲ್ಲಿ ಒಬ್ಬರೇ ಕೂತು ನಾನೇ ಸರಿಯಿಲ್ಲ ಎಂದುಕೊಳ್ಳಬೇಡಿ. ರಾತ್ರಿ ಪಾಳಿಗೆ ಹೋಗುವ ಮೊದಲು ಹೊಟ್ಟೆ ತುಂಬ ಉಣ್ಣಿ, ಬೆಳಿಗ್ಗೆ ಬಂದು ಕಿಟಕಿಗೆ ದಪ್ಪ ಬಟ್ಟೆ ಹಾಕಿ ಮಲಗಿ. ಸಾಲಾಗಿ ಏಳೆಂಟು ರಾತ್ರಿ ಹಾಕಿದರೆ ಆಗುವುದಿಲ್ಲ ಎಂದು ಬರೆದು ಕೊಡಿ, ಇಬ್ಬರು ಮೂವರು ಸೇರಿ ಬರೆದು ಕೊಡಿ. ನಿದ್ದೆ ಹೋಗಿ, ಅಳು ಬಂದು, ಬದುಕು ಬೇಡ ಎನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಗಳಿಗೆ ಕೊಡುವ ನಂಬರನ್ನು ನಮಗೆ ಬಳಸಿಕೊಳ್ಳಲು ನಾಚಿಕೆ ಯಾಕೆ?

ಕೆಲಸಕ್ಕೆ ಸೇರಿದ ಮೊದಲ ದಿನ ಮಾಡಬೇಕಾದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ರೋಗಿಗಳನ್ನು ಕಟ್ಟಿದ್ದನ್ನು ಬರೆಯುವ ರಿಜಿಸ್ಟರ್ ಎಲ್ಲಿದೆ ಎಂದು ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ಇದ್ದರೆ ಕಳೆದ ತಿಂಗಳ ಪುಟಗಳನ್ನು ಓದಿ. ಇಲ್ಲದಿದ್ದರೆ ಅವರ ಒಪ್ಪಿಗೆ ಪಡೆದು ಒಂದು ಉದ್ದ ನೋಟ್‌ಬುಕ್ ತಂದು ಗೆರೆ ಹಾಕಿ: ಹೆಸರು, ಕಟ್ಟಿದ ಗಂಟೆ, ಬಿಚ್ಚಿದ ಗಂಟೆ, ಕಾರಣ, ಅನುಮತಿ ಕೊಟ್ಟವರು, ಮನೆಯವರಿಗೆ ತಿಳಿಸಿದವರು. ಕೊನೆಗೆ ಇನ್ನೊಂದು ಅಂಕಣ ನನ್ನ ಕಡೆಯಿಂದ ಸೇರಿಸಿ: ಆ ಹೊತ್ತಿನಲ್ಲಿ ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದವರು ಎಷ್ಟು ಮಂದಿ. ಮೂರು ತಿಂಗಳು ತುಂಬಿಸಿ, ಆಮೇಲೆ ಅದನ್ನು ಹಿಡಿದುಕೊಂಡು ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ನಮಗೆ ರಾತ್ರಿಗೆ ಇನ್ನೊಬ್ಬರು ಬೇಕು ಸಾರ್ ಎಂದು ಕೇಳಿ.