ಚಾಲಕರ ಪಕ್ಕದ ಆಸನ



ಹೊಸೂರು ಬಳಿಯ ಬೆಳಗೊಂಡಪಲ್ಲಿಯಿಂದ ಮೇಲೇಳುವ ಪುಟ್ಟ ವಿಮಾನಗಳನ್ನು ನಾವು ನೆಲದಿಂದಲೇ ನೋಡುತ್ತ ಬಂದೆವು. ನಡೆಸಬಲ್ಲವರಿಗಷ್ಟೇ ಅದರಲ್ಲಿ ಸ್ಥಾನವೆಂದು ನಂಬಿ, ಹತ್ತುವ ಹಂಬಲವನ್ನು ಮನೆಯಲ್ಲಿಯೂ ಹೇಳಿಕೊಳ್ಳಲಿಲ್ಲ. ಆ ನಂಬಿಕೆ ತಪ್ಪಾಗಿತ್ತು. ಎನ್.ಸಿ.ಸಿ. ವಾಯುವಿಭಾಗದ ಕೆಡೆಟ್‌ಗಳು, ಹೆಣ್ಣುಮಕ್ಕಳೂ ಸೇರಿ, ಎರಡಾಸನದ ಮೈಕ್ರೋಲೈಟ್ ವಿಮಾನದಲ್ಲಿ ಚಾಲಕರ ಪಕ್ಕದಲ್ಲಿ ಕುಳಿತು ಹಾರುತ್ತಾರೆ. ಅವರಿಗೆ ಚಾಲನಾ ಪರವಾನಗಿ ಬೇಕಿಲ್ಲ. ನಮ್ಮ ಶಾಲೆಯಲ್ಲಿ ಆ ವಿಭಾಗವಿಲ್ಲ. ಆದುದರಿಂದ ಮಕ್ಕಳಿಗೆ ಕಾಲೇಜು ಆರಿಸುವಾಗ, ವಸತಿ ಶುಲ್ಕಗಳೊಡನೆ ಇದನ್ನೂ ವಿಚಾರಿಸಿರಿ.

ಹಾರುವ ದಿನ ತೂಕ ಕೇಳಿದರೆ ಸಂಕೋಚವಿಲ್ಲದೆ ನಿಜವನ್ನೇ ಹೇಳಬೇಕು. ಅಷ್ಟು ಹಗುರವಾದ ವಿಮಾನದಲ್ಲಿ ಪ್ರಯಾಣಿಕರ ತೂಕವೂ ಇಂಧನದ ತೂಕವೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಗಾಳಿ ಮೋಡಗಳನ್ನು ನೋಡಿ ಚಾಲಕರು ‘ಇಂದು ಬೇಡ’ ಎಂದರೆ, ಒತ್ತಾಯಿಸದೆ ಮರಳಿ ಇನ್ನೊಂದು ಬೆಳಗ್ಗೆ ಹೋಗಬೇಕು.