ಸೋಡಚೀಟಿ ಮತ್ತು ವೀಸಾ ಫೈಲು
(ಬೊಬ್ಲಿಂಗೆನ್‌ನಲ್ಲಿ ನಡೆದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ನಾನು ಭಾಷಣ ಮಾಡುವವನಲ್ಲ. ಐಟಿಐ ಓದಿ ಎಲೆಕ್ಟ್ರಿಷಿಯನ್ ಆದವನು. ಕೈಯಲ್ಲಿ ಟೆಸ್ಟರ್ ಇದ್ದರೆ ಧೈರ್ಯ, ಮೈಕ್ ಇದ್ದರೆ ನಡುಕ. ಆದರೆ ಈ ವರ್ಷ ಮೂರು ಜನ ಹುಡುಗರು, ಬೇರೆ ಬೇರೆ ಹೊತ್ತಲ್ಲಿ, ನನ್ನನ್ನ ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು: "ಅಣ್ಣಾ, ಮೊದಲಿನ ಮದುವೆ ಮುರಿದಿದ್ದನ್ನ ಇಲ್ಲಿಯವರಿಗೆ ಹೆಂಗೆ ತೋರಿಸೋದು?" ಮೂವರೂ ದನಿ ಇಳಿಸಿ ಕೇಳಿದರು. ಅದಕ್ಕೇ ಒಂದು ಸಲ ಮೈಕಿನಲ್ಲೇ ಹೇಳಿಬಿಡೋಣ ಅಂತ ಬಂದೆ. ನನ್ನ ಹೆಂಡತಿ ಎರಡನೇ ಸಾಲಲ್ಲಿ ಕೂತಿದ್ದಾಳೆ, ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ನನಗೆ 2013ರಲ್ಲಿ ಮದುವೆಯಾಗಿತ್ತು. ಎಂಟು ತಿಂಗಳು ಕೂಡಿ ಇದ್ದೆವು. ಯಾಕೆ ಮುರಿಯಿತು ಅನ್ನೋದು ಇಲ್ಲಿ ಬೇಡ, ಆ ಹೆಣ್ಣುಮಗಳ ತಪ್ಪೇನೂ ಇರಲಿಲ್ಲ ಅಂತ ಮಾತ್ರ ಹೇಳ್ತೀನಿ. ಮರುವರ್ಷ ಎರಡೂ ಕಡೆಯ ಹಿರಿಯರು ಗುಡಿ ಕಟ್ಟೆಯ ಮೇಲೆ ಕೂತು, ಕೊಟ್ಟಿದ್ದು ತಗೊಂಡಿದ್ದು ಲೆಕ್ಕ ಮಾಡಿ, ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಸೋಡಚೀಟಿ ಬರೆಸಿದರು. ಮೈಸೂರು ಕಡೆಯವರಿಗೆ ಈ ಶಬ್ದ ಹೊಸದಿರಬಹುದು. ನಮ್ಮ ಉತ್ತರ ಕರ್ನಾಟಕದಲ್ಲಿ ಬಿಡುಗಡೆ ಪತ್ರಕ್ಕೆ ಹಾಗಂತಾರೆ. ಐದು ಜನ ಸಹಿ, ಇಬ್ಬರದ್ದು ಹೆಬ್ಬೆಟ್ಟು. ಅವರ ಮನೆಯವರು ಆಕೆಗೆ ಬೇರೆ ಕಡೆ ಉಡಿಕೆ ಮಾಡಿದರು. ನಮ್ಮ ಊರಿನ ಮಟ್ಟಿಗೆ ಮಾತು ಮುಗಿದಿತ್ತು.

2021ರಲ್ಲಿ ನಾನು ಇಲ್ಲಿಗೆ ಬಂದೆ. ಬ್ಯುರ್ಗರಾಮ್ಟ್‌ನಲ್ಲಿ ವಿಳಾಸ ನೋಂದಾಯಿಸುವಾಗ ಒಂದು ಕಾಲಂ ಇರುತ್ತಲ್ಲ, ಫಾಮಿಲಿಯೆನ್‌ಷ್ಟಾಂಡ್ ಅಂತ. ಅಲ್ಲಿ ನಾನು "ಲೆಡಿಗ್" ಅಂತ ಬರೆಸಿದೆ. ಲೆಡಿಗ್ ಅಂದರೆ ಮದುವೆಯೇ ಆಗದವನು. ವಿಚ್ಛೇದಿತನಿಗೆ "ಗೆಷೀಡೆನ್" ಅನ್ನೋ ಬೇರೆ ಶಬ್ದ ಇದೆ. ಗೊತ್ತಿಲ್ಲದೆ ಬರೆದೆ ಅಂತ ಹೇಳಿದರೆ ಸುಳ್ಳಾಗುತ್ತೆ. ನಾಚಿಕೆಗೆ ಬರೆದೆ. ಯಾರು ನೋಡ್ತಾರೆ ಬಿಡು ಅನಿಸಿತು.

2022ರ ಡಿಸೆಂಬರಿನಲ್ಲಿ ಊರಿಗೆ ಹೋಗಿ ಎರಡನೇ ಮದುವೆಯಾದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನನ್ನ ಹೆಸರಿನ ಮುಂದೆ "ವಿಚ್ಛೇದಿತ" ಅಂತ ಬಂತು, ಸೋಡಚೀಟಿ ತೋರಿಸಿದ್ದೆ. ಆ ಸರ್ಟಿಫಿಕೇಟ್ ಇಟ್ಟುಕೊಂಡು ಹೆಂಡತಿ ವೀಸಾಕ್ಕೆ ಹಾಕಿದಳು. ಈಗ ವಯರಿಂಗ್ ನೋಡಿ. ಅರ್ಜಿ ಹಾಕೋದು ಭಾರತದಲ್ಲಿ, ಆದರೆ ಫೈಲು ಒಪ್ಪಿಗೆಗಾಗಿ ನಾವು ಇರುವ ಊರಿನ ಔಸ್‌ಲೆಂಡರ್‌ಬೆಹೋರ್ಡೆಗೆ ಬರುತ್ತೆ. ಮದುವೆ ಸರ್ಟಿಫಿಕೇಟಿನಲ್ಲಿ ವಿಚ್ಛೇದಿತ, ಇಲ್ಲಿಯ ದಾಖಲೆಯಲ್ಲಿ ಲೆಡಿಗ್. ಎರಡೂ ಒಂದೇ ಟೇಬಲ್ ಮೇಲೆ ಬಂದು ಕೂತವು. ಎರಡು ವಾರಕ್ಕೆ ಪತ್ರ ಬಂತು: ಹಿಂದಿನ ಮದುವೆ ಕಾನೂನುಬದ್ಧವಾಗಿ, ಅಂತಿಮವಾಗಿ ಮುಗಿದಿದೆ ಅನ್ನೋದಕ್ಕೆ ಕೋರ್ಟಿನ ದಾಖಲೆ ಕೊಡಿ.

ನಾನು ಸೋಡಚೀಟಿಯನ್ನ ಜರ್ಮನ್‌ಗೆ ಅನುವಾದ ಮಾಡಿಸಿ ಕಳಿಸಿದೆ. ಏಜೆಂಟ್ ಒಬ್ಬ ಅಪೊಸ್ಟೀಲ್ ಮಾಡಿಸಿದರೆ ಆಗುತ್ತೆ ಅಂದ, ಅದಕ್ಕೂ ದುಡ್ಡು ಸುರಿದೆ. ಈ ತಪ್ಪು ನೀವು ಮಾಡಬೇಡಿ. ಭಾರತಕ್ಕೆ ಅಪೊಸ್ಟೀಲ್ ಒಪ್ಪಂದ 2005ರಲ್ಲಿ ಜಾರಿಗೆ ಬಂತು, ಆದರೆ ಜರ್ಮನಿ ಅದಕ್ಕೆ ಆಕ್ಷೇಪ ಹಾಕಿತು. ಹಾಗಾಗಿ ನಮ್ಮ ಕಾಗದದ ಮೇಲಿನ ಅಪೊಸ್ಟೀಲ್ ಇಲ್ಲಿ ಲೆಕ್ಕಕ್ಕಿಲ್ಲ. ಅನುಮಾನ ಬಂದರೆ ಇವರು ತಾವೇ ಅಲ್ಲಿ ಒಬ್ಬ ವಕೀಲರನ್ನ ನೇಮಿಸಿ, ಕೋರ್ಟಿಗೆ, ಕಚೇರಿಗೆ ಕಳಿಸಿ ದಾಖಲೆ ಪರಿಶೀಲನೆ ಮಾಡಿಸ್ತಾರೆ. ಖರ್ಚು ನಮ್ಮದೇ, ತಿಂಗಳುಗಟ್ಟಲೆ ಹಿಡಿಯುತ್ತೆ. ಕಟ್ಟೆಯ ಮೇಲೆ ಬರೆದ ಕಾಗದವನ್ನ ಆ ವಕೀಲರು ಯಾವ ಕೋರ್ಟಿನಲ್ಲಿ ಹುಡುಕಬೇಕು?

ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ನಮಗೆಲ್ಲ ಐದು ಸುರಕ್ಷತಾ ನಿಯಮ ಬಾಯಿಪಾಠ ಮಾಡಿಸ್ತಾರೆ. ಮೊದಲನೆಯದು ಲೈನ್ ಆಫ್ ಮಾಡು. ಎರಡನೆಯದು ಮತ್ತೆ ಯಾರೂ ಆನ್ ಮಾಡದಂಗೆ ಭದ್ರ ಮಾಡು. ಮೂರನೆಯದು ಕರೆಂಟ್ ಇಲ್ಲ ಅಂತ ಅಳೆದು ನೋಡು. ಆಫ್ ಮಾಡಿದವನು ನಾನೇ ಆಗಿದ್ದರೂ ಅಳೆಯಲೇಬೇಕು. ನಮ್ಮ ಹಿರಿಯರು ಆಫ್ ಮಾಡಿದ್ದರು, ಅಳೆದು ಬರೆದಿಟ್ಟವರು ಯಾರೂ ಇರಲಿಲ್ಲ.

ಇನ್ನೂ ದೊಡ್ಡ ಭಯ ವಕೀಲರ ಹತ್ತಿರ ಹೋದಾಗ ಗೊತ್ತಾಯಿತು. ಹಿಂದೂ ವಿವಾಹ ಕಾಯ್ದೆ 1955ರ 5ನೇ ಸೆಕ್ಷನ್ ಪ್ರಕಾರ, ಮದುವೆಯ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಜೀವಂತ ಗಂಡ ಅಥವಾ ಹೆಂಡತಿ ಇರಬಾರದು. ಇದ್ದರೆ 11ನೇ ಸೆಕ್ಷನ್ ಪ್ರಕಾರ ಎರಡನೇ ಮದುವೆಯೇ ಅಸಿಂಧು. ಅಂದರೆ ಸೋಡಚೀಟಿ ನಿಲ್ಲಲಿಲ್ಲ ಅಂದರೆ ವೀಸಾ ಹೋಗೋದಷ್ಟೇ ಅಲ್ಲ, ಇವಳು ನನ್ನ ಹೆಂಡತಿಯೇ ಅಲ್ಲ. ಆ ಕಡೆ ಉಡಿಕೆಯಾಗಿ ಎರಡು ಮಕ್ಕಳ ತಾಯಿಯಾದ ಆಕೆಯ ಸಂಸಾರಕ್ಕೂ ಅದೇ ಗತಿ. ಆ ರಾತ್ರಿ ನಿದ್ದೆ ಬರಲಿಲ್ಲ. ಮೇಲಿನ ಕೆರೆಯ ಸುತ್ತ ಎಷ್ಟು ಸುತ್ತು ಹಾಕಿದೆನೋ ಗೊತ್ತಿಲ್ಲ.

ದಾರಿ ಇತ್ತು. ಅದೇ ಕಾಯ್ದೆಯ 29(2) ಪದ್ಧತಿಯ ವಿಚ್ಛೇದನವನ್ನ ಉಳಿಸಿಕೊಂಡಿದೆ. ಆದರೆ ನಮ್ಮ ಸಮುದಾಯದಲ್ಲಿ ಅಂಥ ಪದ್ಧತಿ ಹಿಂದಿನಿಂದ ನಡೆದು ಬಂದಿದೆ ಅಂತ ಕೋರ್ಟಿನಲ್ಲಿ ನಿರ್ದಿಷ್ಟವಾಗಿ ಹೇಳಿ ಸಾಬೀತು ಮಾಡಬೇಕು. ಕರ್ನಾಟಕದಿಂದ ಹೋದ ಯಮನಾಜಿ ಜಾಧವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನೇ ಹೇಳಿದೆ. ಕುಟುಂಬ ನ್ಯಾಯಾಲಯ ಕಾಯ್ದೆ 1984ರ 7ನೇ ಸೆಕ್ಷನ್ ಪ್ರಕಾರ ಒಬ್ಬರ ವೈವಾಹಿಕ ಸ್ಥಿತಿ ಏನು ಅಂತ ಘೋಷಣೆ ಕೇಳಿ ಅಲ್ಲಿ ದಾವೆ ಹಾಕಬಹುದು. ನಾನು ವೀಸಾ ಅರ್ಜಿ ವಾಪಸ್ ತಗೊಂಡು ಆ ದಾವೆ ಹಾಕಿದೆ. ಇನ್ನೂ ಮರುಮದುವೆ ಆಗದವರಿಗೆ ಇದಕ್ಕಿಂತ ಸುಲಭದ ದಾರಿ 13ಬಿ, ಪರಸ್ಪರ ಒಪ್ಪಿಗೆಯ ವಿಚ್ಛೇದನ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಕಾಯಬೇಕಾದ ಆರು ತಿಂಗಳನ್ನ ತಕ್ಕ ಕಾರಣ ಇದ್ದರೆ ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದಾವೆಯಲ್ಲಿ ಮೊದಲ ಹೆಂಡತಿಯೇ ಪ್ರತಿವಾದಿ. ಸಮನ್ಸ್ ಹೋಗುವ ಮೊದಲು ನಾನೇ ಹೇಳಬೇಕಲ್ಲ. ಒಂಬತ್ತು ವರ್ಷದ ಮೇಲೆ ಆಕೆಯ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾರ, ಕೋರ್ಟಿನ ಒಂದು ಕೆಲಸ ಇತ್ರಿ."

"ಏನಪಾ, ಈಗ ನೆನಪಾದವೇನು ನಾವು?"

ಬೈಸಿಕೊಂಡೆ, ಬೈಯುವ ಹಕ್ಕು ಅವರಿಗಿತ್ತು. ಮೂರು ದಿನ ಬಿಟ್ಟು ಆಕೆಯೇ ಫೋನ್ ಮಾಡಿದಳು. "ಬರ್ತೀನ್ರಿ ಕೋರ್ಟಿಗೆ. ಆದರ ಆ ಕಾಗದದ ಒಂದು ನಕಲು ನನಗೂ ಕೊಡಸ್ರಿ. ನನ್ನ ಕಡೆ ಏನೂ ಇಲ್ಲ." ಸೋಡಚೀಟಿಯ ಮೂಲ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು, ಆಕೆಗೆ ಒಂದು ಝೆರಾಕ್ಸ್ ಕೂಡ ಯಾರೂ ಕೊಟ್ಟಿರಲಿಲ್ಲ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಸಹಿ ಮಾಡಿದ ಐವರಲ್ಲಿ ಇಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಒಬ್ಬ ಅಜ್ಜ ಬಂದು, ತನ್ನ ಅಕ್ಕನ ಹಳೆಯ ಸೋಡಚೀಟಿ ತಂದು ಕೋರ್ಟಿಗೆ ತೋರಿಸಿದ. ಅದೇ ದೊಡ್ಡ ಸಾಕ್ಷಿಯಾಯಿತು. ಅಣ್ಣನ ಹೆಸರಿಗೆ ಮುಖ್ತಿಯಾರ್ ಪತ್ರ ಮಾಡಿ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ್ದೆ. ಊರು ಮುಟ್ಟಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು, ಮರೀಬೇಡಿ. ನನ್ನ ಸಾಕ್ಷಿಗೆ ನಾನೇ ರಜೆ ಹಾಕಿ ಹೋದೆ. ಹದಿನಾಲ್ಕು ತಿಂಗಳಾಯಿತು.

ಕಾಗದಗಳ ವಿಷಯಕ್ಕೆ ಬರ್ತೀನಿ. ತೀರ್ಪು ಬೇರೆ, ಡಿಕ್ರಿ ಬೇರೆ, ಎರಡರದ್ದೂ ಕೋರ್ಟಿನ ದೃಢೀಕೃತ ನಕಲು ತಗೊಳ್ಳಿ. ಡಿಕ್ರಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂಗೇ ಇರಲಿ. ನನ್ನದರಲ್ಲಿ ಒಂದು ಅಕ್ಷರ ತಪ್ಪಿ, ಸಿಪಿಸಿ 152ನೇ ಸೆಕ್ಷನ್ ಕೆಳಗೆ ತಿದ್ದುಪಡಿಗೆ ಮತ್ತೆ ಅರ್ಜಿ ಹಾಕಬೇಕಾಯಿತು. ಜರ್ಮನ್ನರಿಗೆ "ರೆಖ್ಟ್ಸ್‌ಕ್ರೆಫ್ಟಿಗ್" ಬೇಕು, ಅಂದರೆ ಇನ್ನು ಮೇಲ್ಮನವಿಗೆ ಹೋಗಲಾಗದ ತೀರ್ಪು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೇಲ್ಮನವಿಗೆ 90 ದಿನ ಇದೆ. ನಾನು ಅವಧಿ ಮುಗಿಯೋವರೆಗೂ ಕಾದು, ಮೇಲ್ಮನವಿ ಆಗಿಲ್ಲ ಅನ್ನೋ ದೃಢೀಕರಣವನ್ನೂ ಸೇರಿಸಿ ಕೊಟ್ಟೆ. ವಿಚ್ಛೇದನದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಭಾರತೀಯರಾಗಿದ್ದು, ಭಾರತದ ಕೋರ್ಟೇ ತೀರ್ಪು ಕೊಟ್ಟಿದ್ದರೆ, ಇಲ್ಲಿಯ ಫಾಮ್‌ಎಫ್‌ಗೆ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಅದಕ್ಕೆ ಪ್ರತ್ಯೇಕ ಮಾನ್ಯತೆ ಬೇಡ. ಒಬ್ಬರು ಆಗಲೇ ಜರ್ಮನ್ ಪೌರರಾಗಿದ್ದರೆ ಬೇಕು.

ಮಂಗಳೂರು ಕಡೆಯ ನಮ್ಮ ಕ್ರೈಸ್ತ ಗೆಳೆಯರಿಗೆ ಒಂದು ಮಾತು. ಚರ್ಚಿನ ನ್ಯಾಯಮಂಡಳಿ ಮದುವೆ ರದ್ದು ಮಾಡಿದ ಪತ್ರ ಇದ್ದರೂ ಕಾನೂನಿಗೆ ಸಿವಿಲ್ ಕೋರ್ಟಿನ ಡಿಕ್ರಿ ಬೇಕು. ಚರ್ಚಿನ ತೀರ್ಪಿಗೆ ಮಾನ್ಯತೆ ಕೇಳಿ ಕ್ಲಾರೆನ್ಸ್ ಪೈಸ್ ಅನ್ನೋ ಆ ಕಡೆಯ ಹಿರಿಯರು ಸುಪ್ರೀಂ ಕೋರ್ಟಿಗೇ ಹೋಗಿದ್ದರು, 2017ರಲ್ಲಿ ಅದು ವಜಾ ಆಯಿತು.

ಇನ್ನು ಆ "ಲೆಡಿಗ್". ಸುಳ್ಳು ಮಾಹಿತಿ ಕೊಟ್ಟು ವಾಸದ ಪರವಾನಗಿ ಪಡೆಯೋದು ಇಲ್ಲಿ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಇದನ್ನ ಓದಿ ಕೈಕಾಲು ತಣ್ಣಗಾದವು. ಕಾರಿಟಾಸ್, ಡಿಯಾಕೊನಿ, ಆವೊ ಇಂಥವರು ವಲಸಿಗರಿಗೆ ಉಚಿತ ಸಲಹೆ ಕೊಡ್ತಾರೆ, ಅಂಥ ಒಂದು ಕಡೆ ಹೋಗಿ ಕೂತೆ. ಅವರು ಕೇಳುವ ಮೊದಲು ನೀವೇ ಹೋಗಿ ಹೇಳಿ ಅಂದರು. ನಾನು ತಡ ಮಾಡಿದ್ದೆ, ಆದರೂ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟೆ. ಕೌಂಟರಿನ ಹೆಣ್ಣುಮಗಳು ಓದಿ, ಕಂಪ್ಯೂಟರಿನಲ್ಲಿ ತಿದ್ದಿ, "ಗುಟ್" ಅಂದಳು. ಆ ಒಂದು ಶಬ್ದಕ್ಕೆ ನಾನು ಎರಡು ವರ್ಷ ಹೆದರಿದ್ದೆ.

ಅರ್ಜಿ ಹಾಕೋಕೆ ಅವಸರ ಮಾಡಬೇಡಿ. ಮೊದಲು ವೀಸಾ ನಿರಾಕರಿಸಿದರೆ ಅದೇ ಕಚೇರಿಗೆ ಮರುಪರಿಶೀಲನೆ ಕೇಳಬಹುದಿತ್ತು. ಈ ವರ್ಷ, 2025ರ ಜುಲೈ 1ರಿಂದ ಅದನ್ನ ತೆಗೆದುಬಿಟ್ಟಿದ್ದಾರೆ. ಈಗ ಬರ್ಲಿನ್‌ನ ಆಡಳಿತ ಕೋರ್ಟಿಗೆ ಹೋಗಬೇಕು, ಇಲ್ಲ ಹೊಸದಾಗಿ ಅರ್ಜಿ ಹಾಕಬೇಕು.

ಮೊದಲ ಮದುವೆಯಲ್ಲಿ ಮಗು ಇದ್ದರೆ ಯಾರ ಸುಪರ್ದಿ ಅನ್ನೋದು ಬೇರೆಯೇ ದೊಡ್ಡ ವಿಷಯ. ನನಗೆ ಅದರ ಅನುಭವ ಇಲ್ಲ, ವಕೀಲರನ್ನೇ ಕೇಳಿ.

ಇವಳಿಗೆ ಈ ಏಪ್ರಿಲ್‌ನಲ್ಲಿ ವೀಸಾ ಬಂತು. ಡಿಕ್ರಿಯ ಒಂದು ದೃಢೀಕೃತ ನಕಲನ್ನ ಅದಕ್ಕೂ ಮೊದಲೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಆ ಹೆಣ್ಣುಮಗಳಿಗೆ ಕಳಿಸಿದ್ದೆ. ಮುಟ್ಟಿತು ಅಂತ ಆಕೆಯ ಗಂಡನೇ ಮೆಸೇಜ್ ಹಾಕಿದ.

ನನ್ನ ಇಡೀ ಫೈಲು ಚೀಲದಲ್ಲಿದೆ. ಹೆಸರು ಮುಚ್ಚಿದ ಝೆರಾಕ್ಸ್ ಪ್ರತಿಗಳೂ ಇವೆ. ಯಾರಿಗೆ ಬೇಕೋ ಊಟದ ಹೊತ್ತಿಗೆ ಬನ್ನಿ, ದನಿ ಇಳಿಸಿ ಕೇಳಿದರೂ ಆಗುತ್ತೆ. ನಾನು ಬಡಿಸುವ ಸಾಲಿನಲ್ಲಿ, ಪಲ್ಯದ ಹತ್ತಿರ ಇರ್ತೀನಿ.